ಗುರುವಾರದ ಹೇಳಿಕೆ

ಲಕೋಟೆ ಬಂದದ್ದು ಮಧ್ಯಾಹ್ನ. ಗಿಣಿಗೇರಾದ ಮಧ್ಯಾಹ್ನಕ್ಕೂ ಒಂದು ಬಣ್ಣವಿದೆ: ಕಪ್ಪು. ಕಾರ್ಖಾನೆಗಳ ಚಿಮಣಿ ಉಗುಳಿದ ಪುಡಿ ಒಣಹಾಕಿದ ಬಟ್ಟೆಯ ಮೇಲೆ, ರೊಟ್ಟಿಯ ಮೇಲೆ, ಮಲಗಿದ ಕೂಸಿನ ರೆಪ್ಪೆಯ ಮೇಲೆ ಒಂದೇ ಸಮನೆ ಕೂರುತ್ತದೆ. ಅಂಗನವಾಡಿಯ ಅನುಸೂಯಾ ಲಕೋಟೆಯನ್ನು ಸೆರಗಿನಿಂದ ಒರೆಸಿ ಒಡೆದಳು. ಎದುರಿಗೆ ಸುಂಕಲಮ್ಮ ಕೂತಿದ್ದಳು. ಬಾಗಿಲಿಗೆ ಆತು ಅವಳ ಅತ್ತೆ ನಿಂತಿದ್ದಳು.

ಮೂರು ವರ್ಷಕ್ಕೆ ಹತ್ತಿರವಾಯಿತು. ಡಿಸೆಂಬರಿನ ಎಳ್ಳಮಾಸಿ ಹಬ್ಬದ ಮರುದಿನ ಸುಂಕಲಮ್ಮನ ಗಂಡ ಹುಚ್ಚೀರಪ್ಪ ಬುತ್ತಿ ಕಟ್ಟಿಸಿಕೊಂಡು ಕಬ್ಬಿಣದ ಕಾರ್ಖಾನೆಯ ಭಟ್ಟಿ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಅಂಥ ಹೆಸರಿನವನು ಇಲ್ಲಿ ಯಾವತ್ತೂ ಕೆಲಸ ಮಾಡಿಲ್ಲ ಎಂದರು ಗೇಟಿನವರು. ಠಾಣೆಯವರು ಕಾಣೆಯಾಗಿದ್ದಾನೆ ಎಂದು ಬರೆದುಕೊಂಡರು. ಗುತ್ತಿಗೆದಾರ ಫೋನ್ ಎತ್ತಲಿಲ್ಲ. ಮನುಷ್ಯ ಒಳಗೆ ಹೋದದ್ದಕ್ಕೆ ಕಾಗದವಿಲ್ಲದಿದ್ದರೆ ಅವನು ಹೊರಗೆ ಬಾರದ್ದಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಇಲ್ಲಿಯ ಕಬ್ಬಿಣ ಗಟ್ಟಿಯಾಗುವುದೇ ಹೀಗೆ. ಸುಂಕಲಮ್ಮನಿಗೆ ಬೇಕಾದದ್ದು ಒಂದೇ ಹಾಳೆ. ಅದರಲ್ಲಿ ಗಂಡನ ಹೆಸರು ಮತ್ತು ಆ ಕಾರ್ಖಾನೆಯ ಹೆಸರು ಒಟ್ಟಿಗಿರಬೇಕು.

ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟವಳು ಅನುಸೂಯಾ. ನೂರೈವತ್ತು ಪದ ಮೀರಬಾರದು, ವಿಷಯ ಒಂದೇ ಇರಬೇಕು. ನನ್ನ ಗಂಡ ಎಲ್ಲಿ ಎಂದು ಕೇಳುವಂತಿಲ್ಲ, ಅದು ಮಾಹಿತಿಯಲ್ಲ. ಅದಕ್ಕೆ ಅವರು ಆ ಕಾರ್ಖಾನೆಯ ಹಿಂದಿನ ವರ್ಷದ ತಪಾಸಣಾ ವರದಿ ಕೇಳಿದ್ದರು. ಮೊದಲು ಕಡತ ಸಿಕ್ಕಿಲ್ಲ ಎಂಬ ಉತ್ತರ ಬಂತು. ಮೇಲ್ಮನವಿ ಹಾಕಿದ ಮೇಲೆ ಈ ಲಕೋಟೆ.

ಅನುಸೂಯಾ ಓದುತ್ತ ಹೋದವಳು ಗಕ್ಕನೆ ನಿಂತಳು.

"ಯಾಕ, ಬಾಯಾಗ ಏನರ ಸಿಕ್ಕೊಂತೇನು? ಓದವಾ," ಎಂದಳು ಅತ್ತೆ.

ಅನುಸೂಯಾ ಓದಿದಳು. "ಕಾರ್ಮಿಕ ಹುಚ್ಚೀರಪ್ಪ, ತಂದೆ ದುರಗಪ್ಪ, ಸಾಕಿನ್ ಕಿನ್ನಾಳ, ಇವರನ್ನು ಸ್ಥಳದಲ್ಲಿ ವಿಚಾರಿಸಲಾಗಿ, ತಲೆಗೆ ಟೊಪ್ಪಿಗೆ, ಕೈಗವಸು, ಬೂಟು ಕೊಟ್ಟಿದ್ದಾರೆ, ನನ್ನದು ಯಾವ ತಕರಾರೂ ಇರುವುದಿಲ್ಲ ಎಂದು ಹೇಳಿಕೆ ಕೊಟ್ಟಿರುತ್ತಾರೆ." ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು.

"ತಾರೀಖು?" ಎಂದಳು ಸುಂಕಲಮ್ಮ.

"ಹ್ವಾದ ವರ್ಷದ್ದು ಅಕ್ಕ. ಆಗಸ್ಟ್ ಇಪ್ಪತ್ತೆರಡು."

ಅಂದರೆ ಅವನು ಕಾಣೆಯಾಗಿ ಇಪ್ಪತ್ತು ತಿಂಗಳಾದ ಮೇಲೆ.

"ಅದಾನ!" ಎಂದು ಮುದುಕಿ ಹಾಳೆಯನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. "ನಾ ಹೇಳಿದ್ದಿಲ್ಲನ? ನನ್ನ ಹುಚ್ಚೀರ ಒಳಗ ಅದಾನ. ಬಿಡವೊಲ್ಲರು, ದುಡಿಸ್ಕೊಳ್ಳಾಕತ್ಯಾರ."

ಆ ದಿನದಿಂದ ಅವಳು ಊಟಕ್ಕೆ ಒಂದು ತಾಟು ಹೆಚ್ಚು ಇಟ್ಟಳು. ತಿಂದು ಏಳುವಷ್ಟರಲ್ಲಿ ಆ ಖಾಲಿ ತಾಟಿನ ತುಂಬ ಕರೀ ಪುಡಿ ಕೂತಿರುತ್ತಿತ್ತು.

ಸುಂಕಲಮ್ಮ ನಂಬಲಿಲ್ಲ. ನಂಬದೆ ಇರಲೂ ಆಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಪಾಳಿ ಬಿಡುವಾಗ ಗೇಟಿನೆದುರು ಹೋಗಿ ನಿಂತಳು. ಒಳಗಿಂದ ಗಂಡಸರು ಸಾಲಾಗಿ ಬಂದರು. ಎಲ್ಲರ ಮುಖವೂ ಕಪ್ಪು, ಎಲ್ಲರ ಕಣ್ಣೂ ಬಿಳುಪು. ಯಾರೂ ಹುಚ್ಚೀರಪ್ಪನಾಗಿರಲಿಲ್ಲ, ಯಾರು ಬೇಕಾದರೂ ಹುಚ್ಚೀರಪ್ಪನಾಗಬಹುದಿತ್ತು. ಮುಖ ಬಿಟ್ಟು ಅವಳು ಎಡಗೈ ನೋಡತೊಡಗಿದಳು.

"ಏ, ಬೆಟ್ಟು ನೋಡಾಕತ್ಯಾಳಲೇ! ಉಂಗುರ ಹಾಕತಾಳೇನ?" ಎಂದು ಒಬ್ಬ ನಕ್ಕ. ಅವನ ಹಿಂದೆ ಬಂದ ಹಿರಿಯ ಮಾತ್ರ ನಗಲಿಲ್ಲ. ಅವಳ ಗುರುತು ಹತ್ತಿದಂತೆ ಗಳಿಗೆ ನಿಂತ, ಕೈ ಬೆನ್ನ ಹಿಂದೆ ಮಾಡಿಕೊಂಡು ಸರಸರ ನಡೆದುಬಿಟ್ಟ.

ಎಡಗೈಯನ್ನೇ ಯಾಕೆ ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು. ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ ಕಾದ ಕಬ್ಬಿಣದ ಚೂರು ಸಿಡಿದು ಗಂಡನ ಎಡಗೈ ಹೆಬ್ಬೆರಳಿನ ತುದಿ ಸುಟ್ಟಿತ್ತು. ಗಾಯ ಮಾಯಿತು, ಗೆರೆ ಮಾತ್ರ ಮತ್ತೆ ಮೂಡಲಿಲ್ಲ. ಕಿನ್ನಾಳದಲ್ಲಿ ಮರದ ಗೊಂಬೆ ತಿಕ್ಕಿ ನುಣುಪು ಮಾಡುತ್ತಿದ್ದವನು ತನ್ನ ಬೆರಳನ್ನೇ ತೋರಿಸಿ, "ನೋಡಲೇ, ನಾನೂ ಗೊಂಬಿ ಆದೆ," ಎಂದಿದ್ದ. ಮನೆಗೆ ಬಂದವಳೇ ಅತ್ತೆಯ ಕೈಯಿಂದ ಹಾಳೆ ಇಸಿದುಕೊಂಡು ಬಿಸಿಲಿಗೆ ಹಿಡಿದಳು. ಹೆಬ್ಬೆಟ್ಟು ಇಡಿಯಾಗಿತ್ತು. ಒಂದೊಂದು ಗೆರೆಯೂ ಆಗತಾನೆ ಕುಂಟೆ ಹೊಡೆದ ಹೊಲದಂತೆ ಎದ್ದು ಕಾಣುತ್ತಿತ್ತು.

"ಅತ್ತಿ, ಇದರಾಗ ಬೆರಳು ಸುಟ್ಟಿಲ್ಲ."

ಮುದುಕಿ ದಿಟ್ಟಿಸಿ ನೋಡಿದಳು. "ಗುಣ ಆಗೈತಿ," ಎಂದಳು ಮೆಲ್ಲಗೆ. ಹಾಳೆಯ ಹೆಬ್ಬೆಟ್ಟನ್ನು ಬೆರಳಿನಿಂದ ಸವರಿ, "ಗುಣ ಆಗೈತಿ ಅನ್ನಲೇ," ಎಂದಳು.

ಮುಂದಿನ ಅರ್ಜಿಯಲ್ಲಿ ಅನುಸೂಯಾ ಪ್ರತಿ ಕೇಳಲಿಲ್ಲ. ಇಡೀ ಕಡತವನ್ನು ಕಣ್ಣಾರೆ ನೋಡಬೇಕು ಎಂದು ಬರೆದಳು. ಸೋಮವಾರ ಬರಲು ಕಾಗದ ಬಂತು.

ಕೊಪ್ಪಳದ ಕಾರ್ಖಾನೆ ತಪಾಸಣೆಯ ಕಚೇರಿಯಲ್ಲಿ ಗುಮಾಸ್ತ ಕಾಶಿನಾಥ ಕೆಂಪು ದಾರದ ಕಟ್ಟೊಂದನ್ನು ಮೇಜಿನ ಮೇಲೆ ಕುಕ್ಕಿದ. ಕಟ್ಟಿನಿಂದಲೂ ಕರೀ ಪುಡಿ ಹಾರಿತು.

"ಒಂದ ತಾಸು ಪುಕ್ಕಟಿ. ನೋಡ್ಕೊಳ್ರಿ. ಏನ್ ನೋಡ್ತೀರೋ ಏನೋ, ನಾವ ನೋಡೂದಿಲ್ಲ," ಎಂದು ತನ್ನ ಮಾತಿಗೆ ತಾನೇ ನಕ್ಕು ಚಹಾಕ್ಕೆ ಹೇಳಿದ.

ಅನುಸೂಯಾ ಹಾಳೆ ತಿರುವಿದಳು. ಇಪ್ಪತ್ಮೂರನೇ ಇಸವಿಯ ವರದಿ: ಹುಚ್ಚೀರಪ್ಪ, ತಕರಾರಿಲ್ಲ. ಇಪ್ಪತ್ನಾಲ್ಕರದು: ಹುಚ್ಚೀರಪ್ಪ, ತಕರಾರಿಲ್ಲ. ಹೆಬ್ಬೆಟ್ಟು ಪ್ರತಿ ಹಾಳೆಯಲ್ಲೂ ಅದೇ ಮೂಲೆಯಲ್ಲಿ, ಅದೇ ಓರೆಗೆ, ಬಲಬದಿಗೆ ಅಷ್ಟೇ ಮಸಿ ಹರಡಿಕೊಂಡು ಕೂತಿತ್ತು. ಮೂರನೆಯ ವರದಿಗೆ ಬಂದಾಗ ಅವಳ ಧ್ವನಿ ತಗ್ಗಿತು.

"ಸುಂಕಲಕ್ಕ, ಇದು ಬರೂ ಗುರುವಾರದ್ದು."

"ಹ್ವಾದ ಗುರುವಾರ?"

"ಅಲ್ಲಕ್ಕ. ಬರೂದು. ಇನ್ನೂ ಬಂದಿಲ್ಲ. ಸ್ಥಳದಲ್ಲಿ ವಿಚಾರಿಸಲಾಗಿ ಅಂತ ಬರದು ಮುಗಿಸ್ಯಾರ."

ಅದರ ಕೆಳಗೆ ಬರೀ ಖಾಲಿ ನಮೂನೆಗಳಿದ್ದವು. ಹೆಸರಿಲ್ಲ, ತಾರೀಖಿಲ್ಲ, ಮಾತಿಲ್ಲ. ಹೆಬ್ಬೆಟ್ಟು ಮಾತ್ರ ಇತ್ತು. ಹನ್ನೊಂದು ಹಾಳೆ. ಆಡದ ಮಾತಿಗಾಗಿ ಹನ್ನೊಂದು ಸಲ ಬಾಯಿ ತೆರೆದು ಕಾಯುತ್ತಿರುವಂತೆ.

"ಇವೇನ್ರಿ?" ಎಂದಳು ಸುಂಕಲಮ್ಮ.

ಕಾಶಿನಾಥ ಬಗ್ಗಿ ನೋಡಿದ. ಅವನಿಗೆ ನಾಚಿಕೆಯಾಗಲಿಲ್ಲ, ಬೇಸರವಾಯಿತು. "ಥೋ! ಇವನ್ಯಾಕ ಇದರಾಗ ಕಟ್ಯಾರ! ಅದು ಪದ್ಧತಿ ಬೇ ಯವ್ವಾ. ಕೆಲಸಕ್ಕ ಸೇರೂ ದಿನಾನ ಗುತ್ತಿಗೆದಾರನ ಮುನಶಿ ಒಂದೊಂದು ಆಳಿಂದು ಹದಿನೈದಿಪ್ಪತ್ತು ಹಾಳಿಗೆ ಬೆಟ್ಟು ಒತ್ತಿಸ್ಕೊಂಡು ಕಳಿಸಿಬಿಡತಾನ. ನಾವು ಆ ಬೆಂಕ್ಯಾಗ ಹೋಗಿ ಯಾರನ್ನ ಕೇಳೂಣು?"

"ಒತ್ತಿದಾಂವ ಸತ್ರ?"

ಕಾಶಿನಾಥ ಚಹಾದ ಕಪ್ಪು ಕೆಳಗಿಟ್ಟ. ಗೋಡೆಯ ಫ್ಯಾನು ತಿರುಗುತ್ತಿತ್ತು. ಹನ್ನೊಂದು ಹಾಳೆಗಳೂ ಉಸಿರಾಡಿದಂತೆ ಒಟ್ಟಿಗೆ ಎದ್ದು ಒಟ್ಟಿಗೆ ಕೂತವು.

"ತಾಸು ಮುಗೀತು," ಎಂದು ಅವನು ಒಂದು ಹಾಳೆ ಮುಂದಕ್ಕೆ ತಳ್ಳಿ ಮಸಿಯ ಡಬ್ಬಿ ತೆಗೆದ. "ಕಡತ ನೋಡೀನಿ ಅಂತ ಇಲ್ಲೊಂದು ಬೆಟ್ಟು ಒತ್ತು. ಹೋಗಿ ಬಾ."

ಸುಂಕಲಮ್ಮನ ಹೆಬ್ಬೆರಳು ರೂಢಿಯಂತೆ ತಾನಾಗಿ ಮಸಿಯತ್ತ ಹೋಗಿತ್ತು. ಹಾಳೆಯನ್ನು ನೋಡಿದಳು. ಅದೂ ಖಾಲಿ.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ಮೊದಲ ಬರೀರಿ. ಆಮ್ಯಾಗ ಒತ್ತತೀನಿ."

"ಆಮ್ಯಾಗ ಬರ್ಕೊಂತೀನಿ ಬಿಡ ಯವ್ವಾ, ಊಟದ ಹೊತ್ತು."

"ನಮ್ಮನಿಯವ್ರೂ ಹಂಗ ಅಂದಾಗ ಒತ್ಯಾರ, ಬೆರಳು ಸುಡೂಕಿಂತ ಮೊದಲ. ಬರೀರಿ. ಬರೂ ಗುರುವಾರದ ಹಾಳಿ ಇವತ್ತ ಸೋಮವಾರ ನೋಡೀನಿ ಅಂತ ಬರೀರಿ. ಹನ್ನೊಂದು ಖಾಲಿ ಹಾಳಿ ನೋಡೀನಿ ಅಂತ ಬರೀರಿ. ಮತ್ತ ಎಲ್ಲಾದಕ್ಕೂ ನಕಲು ಕೊಡ್ರಿ, ಶಿಕ್ಕಾ ಹೊಡದು."

"ಖಾಲಿ ಹಾಳಿಗೆ ಏನಂತ ನಕಲು ಕೊಡೂದು? ಅದರಾಗ ಏನೂ ಇಲ್ಲಲ್ಲ!"

"ನಮ್ಮನಿಯವ್ರು ಅದಾರ್ರಿ," ಎಂದಳು ಸುಂಕಲಮ್ಮ.

ಅನುಸೂಯಾ ಮೇಲ್ಮನವಿಯ ಆದೇಶ ತೆಗೆದು ಮೇಜಿನ ಮೇಲೆ ಇಟ್ಟಳು. ಆಚೆ ಮೇಜುಗಳಲ್ಲಿ ತಲೆಗಳು ಎದ್ದವು. ಕಾಶಿನಾಥ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಆದೇಶದ ಕಡೆ. ಕೊನೆಗೆ ಬರೆದ. ಅನುಸೂಯಾ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದ ಮೇಲೆ ಸುಂಕಲಮ್ಮ ಬೆಟ್ಟು ಒತ್ತಿದಳು. ನಂತರ ಒಂದೊಂದೇ ನಕಲಿನ ಮೇಲೆ 'ಅಸಲು ಪ್ರತಿಯಂತಿದೆ' ಎಂಬ ಶಿಕ್ಕಾ ಬಿತ್ತು. ಗುರುವಾರದ ಹಾಳೆಯ ಮೇಲೆ ಸೋಮವಾರದ ತಾರೀಖು ಬಿತ್ತು.

ಮನೆಯಲ್ಲಿ ಅತ್ತೆ ತಾಟು ಹಾಕಿಕೊಂಡು ಕಾದಿದ್ದಳು, ಮೂರು. "ಏನಂದ್ರು? ಸಿಕ್ಕನೇನು?"

ಸುಂಕಲಮ್ಮ ಮೂರನೆಯ ತಾಟಿನ ಪುಡಿಯನ್ನು ಸೆರಗಿನಿಂದ ಒರೆಸಿ ಗೋಡೆಗೆ ನಿಲ್ಲಿಸಿದಳು. ಮುದುಕಿ ಅದನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ಅಳಲಿಲ್ಲ, ಗೋಡೆಗೆ ಒರಗಿಕೊಂಡಳು.

"ಅವ್ರು ಬರೂದಿಲ್ಲ ಅತ್ತಿ. ಆದ್ರ ಬರೂ ಗುರುವಾರ ಒಳಗ ನಿಂತು ಮಾತಾಡತಾರಂತ. ಸರಕಾರ ಬರದುಕೊಟ್ಟೈತಿ." ಅವಳು ಹಾಳೆಗಳನ್ನು ಅತ್ತೆಯ ತೊಡೆಯ ಮೇಲೆ ಇಟ್ಟಳು. "ಎಲ್ಲಾರೂ ಗೇಟಿಗೆ ಹೋಗೂಣು. ಅವ್ರನ್ನ ಕರೀರಿ, ಏನ್ ಹೇಳತಾರ ನಾವೂ ಕೇಳತೀವಿ ಅನ್ನೂಣು."