ಗೌಡರ ಎತ್ತಿಗೆ ಉಪ್ಪು

“ಉಪ್ಪು ಕೇಳಾಕ ಬಂದೀಯೇನಲೇ ಸೂಳಿಮಗನ? ಹೊಳಿ ಆಚಿ ಸರ್ಕಾರದವರು ಇಡೀ ನಿಜಾಮನ ಸೀಮಿಗೆ ಉಪ್ಪು ಬಂದ್ ಮಾಡ್ಯಾರ. ಮಾದಿಗರ ಓಬಳೆಪ್ಪನ್ನ ಒಬ್ಬನ್ನ ಬಿಡ್ರಿ ಅಂತ ನಾ ತಾರು ಹೊಡೀಲೇನು?”

ದೇವೇಂದ್ರಪ್ಪಗೌಡರು ಊಟ ಮುಗಿಸಿ ಪಡಸಾಲೆಯಲ್ಲಿ ಎಲೆ ಮಡಿಚುತ್ತಿದ್ದರು. ಓಬಳೆಪ್ಪ ತಲೆಬಾಗಿಲಿನ ಹೊರಗೆ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದ.

“ಹಂಗಲ್ರಿ ಧಣಿ. ಮಗಳು ಹುಲಿಗವ್ವ ಹಡದು ಎಂಟು ದಿನ ಆತು. ವಾಂತಿ ಭೇದಿ ಹತ್ತೇತಿ. ಸಪ್ಪನ ಗಂಜಿ ಹೊಟ್ಟ್ಯಾಗ ನಿಂದ್ರವಲ್ದು. ಒಂದು ಹಿಡಿ ಸಾಕ್ರಿ.”

“ಹಿಡಿ ಅಲ್ಲ, ಒಂದು ಹರಳಿಲ್ಲ. ಇದಕ್ಕ ದಿಗ್ಬಂಧನ ಅಂತಾರಲೇ. ಒಂದು ಗುಂಡು ಹಾರಸದನ ವೈರಿ ಮೊಣಕಾಲು ಊರತಾನ. ಪೇಪರಿನ್ಯಾಗ ಬರದಾರ.”

“ಹಂಗಾರ ನಿಜಾಮ ಸಾಹೇಬ್ರೂ ಈಗ ಸಪ್ಪಂದ ಉಣ್ಣಾಕತ್ಯಾರೇನ್ರಿ?”

ಓಬಳೆಪ್ಪ ನಿಜವಾಗಿಯೂ ತಿಳಿಯಲೆಂದೇ ಕೇಳಿದ. ಗೌಡರಿಗೆ ಕೆಮ್ಮು ಬಂತು.

ಅದು ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆ. ಹೊಳೆಯಾಚೆ ಹೊಸಪೇಟೆಯ ಕಡೆಗೆ ಒಂದು ದೇಶ, ಈಚೆ ಆನೆಗೊಂದಿಯ ಕಡೆಗೆ ಇನ್ನೊಂದು. ನಡುವೆ ತುಂಗಭದ್ರೆ, ಮೊಣಕಾಲುದ್ದ ನೀರು. ನಿಜಾಮರನ್ನು ಬಗ್ಗಿಸಬೇಕೆಂದು ಆಚೆಯವರು ಉಪ್ಪು, ಸೀಮೆಎಣ್ಣೆ, ಔಷಧಿಗಳನ್ನು ತಡೆದಿದ್ದರು. ಹೈದರಾಬಾದಿಗೆ ಇಟ್ಟ ಗುರಿ ಮಾದಿಗರ ಕೇರಿಗೆ ಬಹಳ ಚೆನ್ನಾಗಿ ತಾಗಿತ್ತು. ಓಬಳೆಪ್ಪನ ಹೆಂಡತಿ ಮಾರೆವ್ವ, ಬೇರೆ ದಾರಿ ಕಾಣದೆ, ಹದಕ್ಕೆಂದು ಹಿಂದೆ ಉಪ್ಪು ಸವರಿಟ್ಟಿದ್ದ ತೊಗಲನ್ನು ಬಡಿದು, ಉದುರಿದ ಪುಡಿಯನ್ನು ಬಾಣಂತಿಯ ಗಂಜಿಗೆ ಹಾಕಿದ್ದಳು. ವಾಂತಿ ಶುರುವಾದದ್ದು ಅಂದಿನಿಂದಲೇ.

ಗೌಡರಿಗೂ ಕಷ್ಟವಿರಲಿಲ್ಲವೆಂದಲ್ಲ. ಎರಡೆರಡು ಸರ್ಕಾರಗಳಿಗೆ ನಡೆದುಕೊಳ್ಳುವುದೆಂದರೆ ಸಣ್ಣ ಮಾತೇ? ಆಚೆಯ ಗಡಿ ಕಾಯುವ ನಾಕಾದವರಿಗೆ ಅಕ್ಕಿ, ಈಚೆಯ ತಹಶೀಲ್ದಾರರಿಗೆ ಬಾಳೆಗೊನೆ. ಹಿಂದಿನ ವಾರ ಹೊಳೆ ದಾಟಿ ನಾಲ್ಕು ಚೀಲ ಉಪ್ಪು ಬಂದಾಗ ಅದನ್ನು ದಂಡೆಯಿಂದ ಗೌಡರ ಹಿತ್ತಲಿಗೆ ಹೊತ್ತವನು ಓಬಳೆಪ್ಪನೇ. “ಉಪ್ಪಿಗೆ ಮೈಲಿಗಿ ಇಲ್ಲೋ” ಎಂದು ಗೌಡರು ಅವತ್ತು ಶಾಸ್ತ್ರವನ್ನೂ ಹೇಳಿದ್ದರು.

“ಧಣಿ, ನಾನ ಹೊತ್ತು ಹಾಕೇನಲ್ರಿ, ನಾಕು ಚೀಲ...”

ತಾಂಬೂಲದ ಉಗುಳು ಓಬಳೆಪ್ಪನ ಪಾದದ ಮೇಲೆ ಬಿತ್ತು.

“ಕಳ್ಳಮಾಲು ಹೊತ್ತಾವ ನೀನು. ಬಾಯಿ ಬಿಟ್ಟಿ ಅಂದ್ರ ನಾಕಾದವರ ಕೈಯಾಗ ಕೊಡತೀನಿ. ನಡಿ!”

ಮರುದಿನ ಬೆಳಿಗ್ಗೆ ದೇವರು ಒಂದು ಸಣ್ಣ ಚಮತ್ಕಾರ ಮಾಡಿದ. ಗೌಡರ ಬಿಳಿಯ ಎತ್ತು, ಊರೆಲ್ಲ ಹೊಗಳುವ ಎತ್ತು, ನೀರು ಕುಡಿದು ಬಂದು ತಲೆಬಾಗಿಲಿಗೆ ಅಡ್ಡ ಬಿದ್ದು ಸತ್ತಿತು. ಸತ್ತ ದನವನ್ನು ಮಾದಿಗರಲ್ಲದೆ ಬೇರೆಯವರು ಮುಟ್ಟುವುದಿಲ್ಲ. ಅದನ್ನು ಎಳೆಯುವ ತನಕ ಮನೆಯ ದೇವರಿಗೆ ನೀರಿಲ್ಲ, ಒಲೆಗೆ ಬೆಂಕಿಯಿಲ್ಲ.

ಗೌಡರ ಆಳು ಹುಸೇನಪ್ಪ ಕೇರಿಗೆ ಓಡಿ ಬಂದ.

“ಎತ್ತು ಎಳೀಬೇಕಂತ ಬಾರೋ ಓಬಳೆಪ್ಪಣ್ಣ.”

ಓಬಳೆಪ್ಪ ಮಗಳ ತಲೆಯ ಹತ್ತಿರದಿಂದ ಏಳಲಿಲ್ಲ.

“ಬಂದ್ ಮಾಡೀವಂತ ಹೇಳು.”

“ಏನು ಬಂದ್?”

“ಎತ್ತು ಎಳಿಯೂದು. ದಿಗ್ಬಂಧನ ಅನ್ನು, ಗೌಡ್ರಿಗೆ ತಿಳೀತೈತಿ. ಒಂದು ಸೇರು ಉಪ್ಪು ಬರೂತನಕ ಎತ್ತು ಅಲ್ಲೇ ಮಲಗಿರ್ಲಿ.”

ಕೇರಿಯವರು ಯಾರೂ ಹಗ್ಗ ಮುಟ್ಟಲಿಲ್ಲ. ಮಧ್ಯಾಹ್ನ ಗೌಡರೇ ಹಿತ್ತಲಿಂದ ಬಳಸಿಕೊಂಡು, ಮೂಗಿಗೆ ಹೆಗಲ ಮೇಲಿನ ವಲ್ಲಿ ಹಿಡಿದು, ಕೇರಿಯ ಅಂಚಿಗೆ ಬಂದರು. ಅವರ ಜನ್ಮದಲ್ಲಿ ಅದೇ ಮೊದಲು.

“ಗುಡಿಸಲಾ ಸುಟ್ಟು ಬೂದಿ ಮಾಡತೀನಿ ಹಲ್ಕಟ್ ನನಮಕ್ಕಳ!”

ಮಾರೆವ್ವ ಸೆರಗು ಸರಿಮಾಡಿಕೊಂಡು ಕೈಮುಗಿದಳು.

“ಸುಡ್ರಿ ಧಣಿ. ಆಮ್ಯಾಲೆ ಎತ್ತು ಎಳಿಯಾಕ ಬೂದಿ ಬರತೈತೇನ್ರಿ?”

ಗೌಡರು ಹಿಂದಿರುಗಿದರು. ಬಿಸಿಲು ತನ್ನ ಕೆಲಸ ಮಾಡಿತು. ಎರಡನೆಯ ದಿನ ಎತ್ತಿನ ಹೊಟ್ಟೆ ಉಬ್ಬಿತು. ಪೂಜೆಯ ಅಯ್ಯನವರು ಓಣಿಯ ತುದಿಯಿಂದಲೇ ಆಶೀರ್ವಾದ ಮಾಡಿ ಹೋದರು. ಗೌಡರ ಮನೆಯವರು ಅವಲಕ್ಕಿ ತಿಂದು ಉಪವಾಸದ ಪುಣ್ಯ ಕಟ್ಟಿಕೊಂಡರು. ದೊಡ್ಡ ಸರ್ಕಾರ ತಿಂಗಳುಗಟ್ಟಲೆ ಹೆಣಗಿದರೂ ಮೊಣಕಾಲು ಊರದ ವೈರಿ ಹೈದರಾಬಾದಿನಲ್ಲಿ ಸುಖವಾಗಿದ್ದ. ಓಬಳೆಪ್ಪನ ವೈರಿ ಮೂರನೆಯ ದಿನ ಹೊತ್ತೇರುವಷ್ಟರಲ್ಲಿ ಊರಿದ.

ಹುಸೇನಪ್ಪ ಬಾಳೆ ಎಲೆಯ ಗಂಟು ಹಿಡಿದು, ದಾರಿಯಿಂದಲೇ ಕೂಗುತ್ತ ಬಂದ.

“ಗೆದ್ದಿ ನೋಡೋ ಓಬಳೆಪ್ಪಣ್ಣ! ಸೇರಿನ ಮ್ಯಾಲೆ ಒಂದು ಹಿಡಿ ಹೆಚ್ಚಿಗಿನ ಹಾಕ್ಯಾರ!”

ಪಕ್ಕದ ಗುಡಿಸಲಿನಲ್ಲಿ ಗಾಳೆಮ್ಮ ತನ್ನ ಮಗುವಿನ ಜೊತೆಗೆ ಹುಲಿಗವ್ವನ ಕೂಸಿಗೂ ಮೊಲೆ ಕೊಡುತ್ತಿದ್ದಳು. ಹುಲಿಗವ್ವನನ್ನು ಗೋಡೆಗೆ ಆನಿಸಿ ಕೂರಿಸಿ, ಬಾಯಿಗೆ ಬಟ್ಟೆ ಕಟ್ಟಿದ್ದರು. ಕೋಳಿ ಕೂಗುವ ಹೊತ್ತಿಗೆ ಜೀವ ಹೋಗಿತ್ತು.

ಮಾರೆವ್ವ ಗಂಡನ ಮುಖ ನೋಡಿದಳು.

“ಗೆದ್ದೀಯಂತಲ್ಲ. ಉಣ್ಣು ಈಗ.”

ಓಬಳೆಪ್ಪ ಗಂಟನ್ನು ಬಿಚ್ಚಿದ. ಉಪ್ಪು ಬೆಳ್ಳಗೆ, ಹರಳು ಹರಳಾಗಿತ್ತು. “ತಾಯಿ ಹುಲಿಗವ್ವ” ಎಂದು ಮಗಳನ್ನು ಕರೆದನೋ, ಅವಳಿಗೆ ಹೆಸರು ಕೊಟ್ಟ ದೇವತೆಯನ್ನು ಕರೆದನೋ ತಿಳಿಯಲಿಲ್ಲ. ಬಟ್ಟೆ ಸಡಿಲಿಸಿ, ಒಂದು ಹರಳನ್ನು ಅವಳ ನಾಲಗೆಯ ಮೇಲಿಟ್ಟು, ಮತ್ತೆ ಕಟ್ಟಿದ. ಉಳಿದದ್ದನ್ನು ಎತ್ತಿಕೊಂಡು ಊರೊಳಗೆ ನಡೆದ.

ಗೌಡರು ಮಾಳಿಗೆಯ ಮೇಲಿಂದ ನೋಡಿದರು.

“ಬಂದ್ಯಾ? ಹಗ್ಗ ಎಲ್ಲೈತಲೇ?”

ಓಬಳೆಪ್ಪ ಚಪ್ಪಲಿಗಳನ್ನು ಕೆಳಗಿಟ್ಟು, ಎತ್ತಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಕೊರಳಿನಿಂದ ಬಾಲದ ತನಕ, ಅಪ್ಪ ಕಲಿಸಿದಂತೆ, ಒಂದು ಹರಳೂ ನೆಲಕ್ಕೆ ಬೀಳದ ಹಾಗೆ ಉಪ್ಪು ಸವರಿದ. ನೊಣಗಳು ಎದ್ದು ಮತ್ತೆ ಕೂತವು.

“ಏನು ಮಾಡಾಕತ್ತೀಯಲೇ ಹುಚ್ಚ ಬೋಳಿಮಗನ!”

“ನಿಮ್ಮ ಉಪ್ಪು ನಿಮಗ ಹಾಕೇನ್ರಿ ಧಣಿ. ಇನ್ನು ಲಗೂ ಕೆಡಂಗಿಲ್ಲ, ಭಾಳ ದಿವಸ ಬಾಗಿಲದಾಗ ಇರತೈತಿ.”

ಖಾಲಿ ಎಲೆಯನ್ನು ಮಡಿಚಿ ಹೊಸ್ತಿಲ ಮೇಲಿಟ್ಟ. ಚಪ್ಪಲಿ ಮೆಟ್ಟಿಕೊಂಡ. ಮೇಲಿನಿಂದ ಕೂಗು ಬರುತ್ತಲೇ ಇತ್ತು. ಅವನು ನಡುಬೀದಿಯಲ್ಲಿ ಚಪ್ಪಲಿ ಸಪ್ಪಳ ಮಾಡುತ್ತ ಹೊರಟ. ಹೊತ್ತು ಮುಳುಗುವುದರೊಳಗೆ ಕುಣಿ ತೋಡಬೇಕಿತ್ತು.