ದುರ್ಬೀನಿನ ತುಪಾಕಿ

ತುಪಾಕಿ ಆರಿಸಿದವನು ನಾನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಸುತ್ತಿಬಳಸಿ ಕೇಳುವುದು ಬೇಡ. ನನ್ನ ತಮ್ಮ ಬಚ್ಚಪ್ಪ ಕುರಿ ಮೇಯಿಸುವವನು, ರೈಫಲ್ಲಿನ ಗಂಧಗಾಳಿ ಅವನಿಗಿರಲಿಲ್ಲ. ನನಗೂ ಇರಲಿಲ್ಲ. ಆದರೆ ನಾನು ನಂದಿದುರ್ಗದ ಚಿನ್ನದ ಗಣಿಯಲ್ಲಿ ಹನ್ನೆರಡು ವರ್ಷ ದುಡಿದವನು, ಬಿಳಿ ದೊರೆಗಳನ್ನು ಹತ್ತಿರದಿಂದ ಕಂಡವನು, ತಮಿಳು ಬಲ್ಲವನು. ಅಷ್ಟಕ್ಕೇ ಈ ವೆಂಕಟರಾಯಪ್ಪನಿಗೆ ಎಲ್ಲ ಗೊತ್ತು ಎಂದು ಊರು ನಂಬಿತ್ತು, ನಾನೂ ನಂಬಿದ್ದೆ.

ನಮ್ಮದು ಕಾಮಸಮುದ್ರದ ಆಚೆಯ ಹಳ್ಳಿ. ಮೂವತ್ತಾರನೇ ಇಸವಿಯಲ್ಲಿ ಒಂದು ಚಿರತೆ ಗುಡ್ಡದಿಂದ ಇಳಿಯಿತು. ಮೊದಲು ಕುರಿ ಹಿಡಿಯಿತು, ಆಮೇಲೆ ನಾಯಿಗಳನ್ನು, ಕೊನೆಗೆ ಸೌದೆಗೆ ಹೋಗಿದ್ದ ಬಚ್ಚಪ್ಪನ ಹೆಂಡತಿ ಕದಿರಮ್ಮನನ್ನು. ಅವರ ಮದುವೆಯಾಗಿ ಮೂರು ವರ್ಷವೂ ತುಂಬಿರಲಿಲ್ಲ. ಸಿಕ್ಕಿದಷ್ಟನ್ನು ಮಣ್ಣು ಮಾಡಿ ಬಂದ ಮೇಲೆ ತಮ್ಮ ಊಟ ಬಿಟ್ಟ, ಮಾತು ಬಿಟ್ಟ. ನಮ್ಮಮ್ಮ ಸೊಣ್ಣಮ್ಮ ಮುದ್ದೆ ಮುರಿದು ಬಾಯಿಗಿಟ್ಟರೆ ಮುಖ ತಿರುಗಿಸುತ್ತಿದ್ದ. ಹದಿನೈದು ದಿನದ ಮೇಲೆ ನನ್ನ ಹತ್ತಿರ ಬಂದು ಕೂತ.

"ಅದನ್ನ ಒಡೀದೆ ಓದ್ರೆ ನಾನು ಬದ್ಕಲ್ಲ ಕಣಣ್ಣ" ಅಂದ.

ಮನೆಯಲ್ಲಿ ಅಪ್ಪನ ಕಾಲದ, ಮದ್ದು ತುಂಬುವ ಬಂದೂಕಿತ್ತು. ಹಂದಿ ಬೆದರಿಸಲು ಅದು ಸಾಕು, ಚಿರತೆಗೆ ಸಾಲದು. ಬಚ್ಚಪ್ಪ ಉಳಿದ ಕುರಿಗಳನ್ನೂ ಕದಿರಮ್ಮನ ಓಲೆಯನ್ನೂ ಮಾರಿ ತೊಂಬತ್ತು ರೂಪಾಯಿ ಹೊಂದಿಸಿದ. ಲೈಸೆನ್ಸಿಗಾಗಿ ಬಂಗಾರಪೇಟೆಗೆ ಅಲೆದು ಅಲೆದು ಸುಸ್ತಾದೆವು. ಅದು ಕೈಗೆ ಬಂದ ವಾರವೇ ನಂದಿದುರ್ಗದಲ್ಲಿ ಒಬ್ಬ ಇಂಜಿನಿಯರ್ ದೊರೆ ಕೆಲಸ ಬಿಟ್ಟು ಸೀಮೆಗೆ, ತನ್ನ ದೇಶಕ್ಕೆ, ಹೊರಟಿದ್ದ. ಅವನ ಬಟ್ಲರ್ ಸಾಮಾನನ್ನೆಲ್ಲ ಬಂಗಲೆಯ ಜಗಲಿಗೆ ತಂದು ಮಾರುತ್ತಿದ್ದ.

ಅಲ್ಲಿ ಎರಡು ರೈಫಲ್ಲು ಇದ್ದವು. ಒಂದು ಹಳೆಯದು, ಹಿಡಿಯ ಮರ ಸವೆದಿತ್ತು, ಅರವತ್ತು ರೂಪಾಯಿ. ಉಳಿದ ಮೂವತ್ತಕ್ಕೆ ಐವತ್ತು ತೋಟಾ ಬರುತ್ತಿತ್ತು. ಇನ್ನೊಂದರ ನಳಿಗೆಯ ಮೇಲೆ ದುರ್ಬೀನು ಕೂರಿಸಿತ್ತು. ಅದಕ್ಕೆ ಎಂಬತ್ತೇಳು, ಮಿಕ್ಕ ಮೂರು ರೂಪಾಯಿಗೆ ಐದೇ ತೋಟಾ. ಬಚ್ಚಪ್ಪ ಹಳೆಯದನ್ನು ಭುಜಕ್ಕೆ ಕೊಟ್ಟು ನೋಡಿದ. ಅದು ಅವನಿಗೆ ಹೊಂದಿತು, ಇದೇ ಸಾಕು ಅಂದ. ನನಗೆ ರೇಗಿತು. ನಾನು ದುರ್ಬೀನಿನಲ್ಲಿ ಕಣ್ಣಿಟ್ಟು ದೂರದ ಬೇವಿನ ಮರದ ಎಲೆ ಎಣಿಸಿಯಾಗಿತ್ತು. ಹೆಂಡತಿಯನ್ನು ತಿಂದ ಮೃಗಕ್ಕೆ ಅಗ್ಗದ ಮಾಲು ಹುಡುಕುತ್ತೀಯಾ ಎಂದುಬಿಟ್ಟೆ. ಎಂಥ ಮಾತು ಆಡಿದೆ ನೋಡಿ, ನನ್ನ ನಾಲಿಗೆ ಸೇದಿಹೋಗಬೇಕಿತ್ತು. ಅವನು ಹಳೆಯದನ್ನು ಕೆಳಗಿಟ್ಟ.

ದುಡ್ಡು ಎಣಿಸಿಕೊಂಡ ಮೇಲೆ ಬಟ್ಲರ್ ತಮಿಳಿನಲ್ಲಿ ಬಿಡಿಸಿ ಹೇಳಿದ. ದಾರಿಯಲ್ಲಿ ದುರ್ಬೀನು ಅಲುಗಿದರೆ ಗುರಿ ತಪ್ಪುತ್ತದೆ, ಊರು ಮುಟ್ಟಿದ ಮೇಲೆ ಬಂಡೆಗೆ ಸುಣ್ಣದ ಬೊಟ್ಟಿಟ್ಟು ನಾಲ್ಕಾರು ಹೊಡೆಯಿರಿ, ಗುಂಡು ಎತ್ತ ಬೀಳುತ್ತದೋ ನೋಡಿಕೊಂಡು ಈ ತಿರುಪು ತಿರುಗಿಸಿ ಎಂದ. ಇನ್ನಷ್ಟು ತೋಟಾ ಮಾರುವ ಹುನ್ನಾರ ಎಂದುಕೊಂಡೆ. ತಮಿಳು ಬಾರದ ತಮ್ಮ ಏನಂತೆ ಎಂದು ಕೇಳಿದ. ಒಳ್ಳೇ ಮಾಲಂತೆ ಬಾ ಅಂದೆ.

ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ಊರು ಸೇರಿದೆವು. ಅಮ್ಮ ತುಪಾಕಿಗೆ ಅರಿಸಿನ ಕುಂಕುಮ ಇಟ್ಟು, ನಿಂಬೆಹಣ್ಣು ನಿವಾಳಿಸಿದಳು. ಮಾರನೆಯ ದಿನ ಬಚ್ಚಪ್ಪ ತಾನಾಗಿಯೇ, ಒಂದು ಸಲ ಬಂಡೆಗೆ ಹೊಡೆದು ನೋಡೋಣವಾ ಅಂದ. ನಮ್ಮ ಮನೆತನದಲ್ಲಿ ಹೊಸ ಬಂದೂಕಿನ ಮೊದಲ ಗುಂಡು ಬೇಟೆಗೇ ಹೋಗಬೇಕು. ಕಲ್ಲಿಗೋ ಮರಕ್ಕೋ ಹೊಡೆದರೆ ಬಂದೂಕು ಬಂಜೆಯಾಗುತ್ತದೆ ಅನ್ನುತ್ತಿದ್ದ ಅಪ್ಪ. ನಾನು ಅದನ್ನೇ ಹೇಳಿದೆ, ಇರೋದೇ ಐದು ಎಂದು ಗದರಿದೆ. ಅವನು ತುಪಾಕಿಯನ್ನು ಮತ್ತೆ ಮೂಲೆಗೆ ಒರಗಿಸಿದ.

ಎಂಟು ದಿನದ ಮೇಲೆ ಚಿರತೆ ಕೆರೆಯ ಹಿಂದೆ ಮೇಕೆ ಕೊಂದು ಅರ್ಧ ತಿಂದು ಹೋಯಿತು. ಇಬ್ಬರೂ ಹತ್ತಿರದ ಹುಣಸೆ ಮರ ಹತ್ತಿ ಕೂತೆವು. ಹೊತ್ತು ಮುಳುಗುವ ಮೊದಲೇ ಅದು ಬಂತು. ಬಚ್ಚಪ್ಪ ಉಸಿರು ಬಿಗಿಹಿಡಿದು ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ ಹೊಡೆದ. ಚಿರತೆ ಎಗರಿ ಬಿದ್ದು, ಎದ್ದು, ಲಂಟಾನದ ಪೊದೆಗೆ ನುಗ್ಗಿತು. ಹುಲ್ಲಿನ ಮೇಲೆ ರಕ್ತ ಕಂಡು ತಮ್ಮ ಅತ್ತುಬಿಟ್ಟ. ಕದಿರಮ್ಮ ಸತ್ತ ಮೇಲೆ ಅವನು ಅತ್ತದ್ದು ಅವತ್ತೇ.

ಬೆಳಗ್ಗೆ ರಕ್ತದ ಜಾಡು ಹಿಡಿದು ಹೋದೆವು. ಸತ್ತು ಬಿದ್ದಿರುತ್ತದೆ ಅಂದುಕೊಂಡಿದ್ದೆವು. ಪಕ್ಕದ ಪೊದೆಯಿಂದ ಎಗರಿತು. ಅವನು ತುಪಾಕಿ ಎತ್ತಿದ, ಆದರೆ ಅಷ್ಟು ಹತ್ತಿರದಲ್ಲಿ ದುರ್ಬೀನಿನಲ್ಲಿ ಏನು ಕಂಡೀತು? ನಾನು ಕಿರುಚಿಕೊಂಡು ಮಚ್ಚು ಬೀಸುವ ಹೊತ್ತಿಗೆ ಅದು ಅವನ ಹೆಗಲು, ಕುತ್ತಿಗೆ ಸೀಳಿ ಗುಡ್ಡದ ಕಡೆ ಓಡಿತ್ತು. ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆಂದು ಹೊರಟೆ. ಬಂಗಾರಪೇಟೆ ಇನ್ನೂ ಒಂದು ಹರದಾರಿ ಇರುವಾಗ ನನ್ನ ಕೈ ಹಿಡಿದುಕೊಂಡ.

"ಗುರಿ ಸರ್‍ಯಾಗೇ ಇಟ್ಟಿದ್ದೆ ಕಣಣ್ಣ" ಅಂದ. ಅಲ್ಲೇ ಹೋಗಿಬಿಟ್ಟ.

ಚಿರತೆ ಏನಾಯಿತೋ ಯಾರಿಗೂ ತಿಳಿಯಲಿಲ್ಲ. ಹೆಂಡತಿಯ ನೆನಪಲ್ಲಿ ಬಚ್ಚಪ್ಪನ ಕೈ ನಡುಗಿತು, ಇಲ್ಲದಿದ್ದರೆ ಅಂಥ ತುಪಾಕಿಗೆ ತಪ್ಪುವುದುಂಟಾ ಎಂದು ಊರು ಆಡಿಕೊಂಡಿತು. ಅಮ್ಮನ ಕಿವಿಗೂ ಅದು ಬಿತ್ತು.

ತಿಥಿ ಮುಗಿದ ಮಾರನೆಯ ದಿನ ಉಳಿದ ನಾಲ್ಕು ತೋಟಾ ತೆಗೆದುಕೊಂಡು ಗುಡ್ಡದ ಬುಡಕ್ಕೆ ಹೋದೆ. ಬಂಡೆಗೆ ಸುಣ್ಣದ ಬೊಟ್ಟಿಟ್ಟೆ. ಮಲಗಿಕೊಂಡು, ತುಪಾಕಿಯನ್ನು ಕಲ್ಲಿಗೆ ಆನಿಸಿ ಒಂದೊಂದಾಗಿ ಹೊಡೆದೆ. ಬೊಟ್ಟಿಗೆ ಒಂದೂ ತಾಗಲಿಲ್ಲ. ನಾಲ್ಕೂ ಒಂದು ಗೇಣು ಬಲಕ್ಕೆ, ಒಂದರ ಪಕ್ಕ ಒಂದು ಬಿದ್ದಿದ್ದವು. ಅಂಗೈ ಇಟ್ಟರೆ ನಾಲ್ಕೂ ಮುಚ್ಚಿಹೋದವು. ಅಂಥ ತುಪಾಕಿ ಅದು. ತಿರುಪನ್ನು ಚೂರು ತಿರುಗಿಸಿದ್ದರೆ ಸಾಕಿತ್ತು. ಬಂಡೆಯ ಮೇಲಿಂದ ಕೈ ತೆಗೆಯಲಾಗದೆ ಅಲ್ಲೇ ಕೂತು ಅತ್ತೆ.

ಮನೆಗೆ ಬಂದಾಗ ಅಮ್ಮ ಒಲೆಯ ಮುಂದೆ ಇದ್ದಳು. ಸದ್ದು ಕೇಳಿಸಿಕೊಂಡಿದ್ದಳು.

"ನನ್ ಮಗನ ಕೈ ನಡುಗಿತ್ತೇನ್ಲಾ?" ಅಂತ ಕೇಳಿದಳು.

"ಇಲ್ಲ ಕಣಮ್ಮ. ಅವ್ನು ಸರ್‍ಯಾಗೇ ಒಡ್ದಿದ್ದ. ಮೊದ್ಲು ಬಂಡೆಗೆ ಒಡ್ದು ನೋಡಿ ಅಂತ ಬಟ್ಲರು ನಂಗೆ ಏಳಿದ್ದ. ಅವ್ನಿಗೆ ನಾನೇ ಏಳ್ಲಿಲ್ಲ."

ಅಮ್ಮ ತಟ್ಟೆ ಇಟ್ಟು, ಮುದ್ದೆ ಹಾಕಿ, ಸಾರು ಬಿಟ್ಟು ಎದ್ದು ಹೋದಳು. ಆರು ವರ್ಷವಾಯಿತು. ದಿನಾ ತಟ್ಟೆ ಇಡುತ್ತಾಳೆ, ಉಣ್ಣು ಎಂದು ಒಂದು ದಿನವೂ ಹೇಳಿಲ್ಲ.