ಬಾಕ್ಸರ್ ತಾತನ ಹಾಜರಿ

ಆ ಜಿಮ್ಮಿನ ಮಾಲೀಕನ ಕಣ್ಣಿಗೆ ಮನುಷ್ಯರು ಬೀಳುತ್ತಿರಲಿಲ್ಲ, ಅವರ ವಯಸ್ಸು ಬೀಳುತ್ತಿತ್ತು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಇಪ್ಪತ್ತರ ಹುಡುಗರ ಹಾಜರಿಯ ಗೆರೆ ಮೇಲಕ್ಕೇರುತ್ತಿತ್ತು. ನಲವತ್ತರವರದು ಜನವರಿಯಲ್ಲಿ ಹಾರಿ ಮಾರ್ಚಿಗೆ ಮಕಾಡೆ ಮಲಗುತ್ತಿತ್ತು. ಅರವತ್ತು ದಾಟಿದವರದು ಇಳಿಯುತ್ತಲೇ ಇತ್ತು.

"ಹತ್ತು ಗಂಟೆಯ ಮುದುಕರ ಬ್ಯಾಚಿಗೆ ದಿನಾ ಹದಿನೈದು ಜನ ಬರದಿದ್ರೆ ಮುಚ್ತೀನಿ. ಹುಡುಗರು ಜಾಗ ಇಲ್ದೆ ಕಾಯ್ತಿದಾರೆ" ಎಂದು ಕೌಂಟರಿನವಳಿಗೆ ಹೇಳಿ ಅವನು ಕೈತೊಳೆದುಕೊಂಡ.

ಆ ಬ್ಯಾಚಿನವರು ಬೆವರು ಸುರಿಸಿದ್ದಕ್ಕಿಂತ ಹರಟೆ ಹೊಡೆದದ್ದೇ ಹೆಚ್ಚು, ನಿಜ. ಆದರೆ "ಊಟ ಆಯ್ತೇನಮ್ಮಾ" ಎಂದು ಅವಳನ್ನು ಕೇಳುವವರು ಇಡೀ ಕಟ್ಟಡದಲ್ಲಿ ಅವರಷ್ಟೇ. ಮರೆವಿನ ಜನವೆಂದು ಅವರ ಕಾರ್ಡುಗಳನ್ನು ಅವಳೇ ಡ್ರಾಯರಿನಲ್ಲಿಟ್ಟು, ಬಂದವರದನ್ನು ಹಾಜರಿ ಯಂತ್ರಕ್ಕೆ ಮುಟ್ಟಿಸುತ್ತಿದ್ದಳು. ಈ ವಾರ ಬಾರದವರದನ್ನೂ ಮುಟ್ಟಿಸತೊಡಗಿದಳು. ಯಾರ ಗಂಟೇನು ಹೋಗುತ್ತದೆ ಅಂದುಕೊಂಡಳು.

ಗುರುವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಾಕ್ಸರ್ ತಾತನ ಮಗಳ ಫೋನ್ ಬಂತು. ಕಡ್ಡಿಯಂತಿದ್ದರೂ ಕನ್ನಡಿಗೆ ಮುಷ್ಟಿ ತೋರಿಸುತ್ತಿದ್ದ ಆ ತಾತನಿಗೆ ಬ್ಯಾಚಿನವರು ಇಟ್ಟ ಹೆಸರದು.

"ಅಪ್ಪನಿಗೆ ಸ್ವಲ್ಪ ಕೊಡ್ತೀರಾ? ನಾನು ಆಫೀಸ್ ಕೆಲಸದ ಮೇಲೆ ಬೇರೆ ಊರಲ್ಲಿದೀನಿ. ಮೂರು ದಿನದಿಂದ ಅವರು ಫೋನೇ ಎತ್ತಿಲ್ಲ. ಜಿಮ್ಮಿಗೆ ಬಂದ್ರು ಅಂತ ದಿನಾ ನಿಮ್ಮ ಮೆಸೇಜ್ ಬರ್ತಿತ್ತಲ್ಲ, ಅದಕ್ಕೇ ಸುಮ್ಮನಿದ್ದೆ."

ಯಂತ್ರ ಮನೆಯವರಿಗೂ ಮೆಸೇಜ್ ಕಳಿಸುತ್ತದೆ ಎನ್ನುವುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

"ಒಂದ್ನಿಮಿಷ ತಾಳಿ, ನೋಡ್ತೀನಿ."

ಟ್ರೆಡ್‌ಮಿಲ್ ಸಾಲು, ಕನ್ನಡಿಯ ಮೂಲೆ, ಸ್ನಾನದ ಕೋಣೆ, ಎಲ್ಲ ಹುಡುಕಿದಳು. ತಾತ ಅಲ್ಲಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹುಡುಕಿದಳು, ಪಾಪ.

ಗಂಟೆ ಹನ್ನೊಂದಾಯಿತು. ಬ್ಯಾಚ್ ಮುಗಿದೊಡನೆ ಯಂತ್ರ ತನ್ನಷ್ಟಕ್ಕೆ ತಾನೇ ಎಲ್ಲರನ್ನೂ ಲೆಕ್ಕದಲ್ಲಿ ಹೊರಗೆ ಕಳಿಸಿಬಿಡುತ್ತದೆ. ಫೋನಿನಲ್ಲಿ ಮಗಳು ನಕ್ಕಳು.

"ಅಯ್ಯೋ, ಬಿಡಿ! ವ್ಯಾಯಾಮ ಮುಗಿಸಿ ಹೊರಟ್ರು ಅಂತ ಈಗ ತಾನೇ ಬಂತು. ಸದ್ಯ, ಹೋದ ಜೀವ ಬಂತು."

ಫೋನಿಟ್ಟಿದ್ದರೆ ಕೌಂಟರಿನವಳ ಕೆಲಸ ಉಳಿಯುತ್ತಿತ್ತು.

"ಇಡ್ಬೇಡಿ ಅಕ್ಕಾ. ಅವರು ಬಂದಿಲ್ಲ. ಕಾರ್ಡ್ ಮುಟ್ಟಿಸಿದ್ದು ನಾನು."

"ಇವತ್ತಾ?"

"ಇವತ್ತು. ನಿನ್ನೆ. ಮೊನ್ನೆ."

ಮಗಳು ಚಿಕ್ಕ ಹುಡುಗಿಯ ದನಿಯಲ್ಲಿ, "ಮನೇಲಿ ಅಪ್ಪ ಒಬ್ರೇ" ಎಂದಳು.

ಕಾರ್ಡಿನ ಹಿಂದೆ ವಿಳಾಸವಿತ್ತು, ಎರಡೇ ಬೀದಿ ಆಚೆ. ಅದನ್ನು ಮುಷ್ಟಿಯಲ್ಲಿ ಹಿಡಿದೇ ಅವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು. ಬಾಗಿಲು ಬಡಿದಳು, "ತಾತಾ" ಎಂದು ಕೂಗಿದಳು. ಒಳಗೆ ಫೋನ್ ರಿಂಗಾಗುತ್ತಿತ್ತು, ಮಗಳೇ ಮಾಡುತ್ತಿರಬೇಕು. ನಿಂತಿತು. ಮತ್ತೆ ಶುರುವಾಯಿತು. ಯಾರೂ ಎತ್ತಲಿಲ್ಲ.